ಗುಳಿಗೆಯ ಚೀಟಿ

ಈ ವಾರ್ಷಿಕದ ಸಂಪಾದಕರಿಂದ ವರ್ಷಕ್ಕೊಮ್ಮೆ ನನಗೊಂದು ಓಲೆ ಬರುತ್ತದೆ. "ಮಾಷ್ಟ್ರೇ, ಈ ಸಲವಾದರೂ ಒಂದು ಕತೆ ಕೊಡಿ. ಪುಟ ಕಾದಿರಿಸಿದ್ದೇವೆ" ಎಂದು ಅದರ ಒಕ್ಕಣೆ. ಮೊದಲು ಅಂಚೆ ಕಾರ್ಡಿನಲ್ಲಿ ಬರುತ್ತಿದ್ದದ್ದು ಈಗ ಮೊಬೈಲಿಗೆ ಬರುತ್ತದೆ ಎನ್ನುವುದನ್ನು ಬಿಟ್ಟರೆ ಅದರಲ್ಲಿ ಏನೂ ಬದಲಾದದ್ದಿಲ್ಲ. ನನ್ನ ಉತ್ತರವೂ ಬದಲಾದದ್ದಿಲ್ಲ. ಒಂದು ವರ್ಷ ಶಾಲೆಯ ಕೆಲಸ, ಇನ್ನೊಂದು ವರ್ಷ ಅಮ್ಮನ ಕಾಯಿಲೆ, ಮತ್ತೊಂದು ವರ್ಷ ಮನೆಯ ಮಾಡು ರಿಪೇರಿ. ನಿವೃತ್ತನಾದ ಮೇಲೆ ಹೇಳಲಿಕ್ಕೆ ನೆವ ಸಿಗದೆ ಉತ್ತರಿಸುವುದನ್ನೇ ಬಿಟ್ಟೆ. ಕಾದಿರಿಸಿದ ನನ್ನ ಪುಟದಲ್ಲಿ ಹನ್ನೊಂದು ವರ್ಷ ಬೇರೆಯವರು ಬರೆದರು.

ನಿಜವಾದ ಕಾರಣವನ್ನು ಇಂದು ಹೇಳಿಬಿಡುತ್ತೇನೆ. 2013ರಲ್ಲಿ ನನ್ನ ಎರಡನೆಯ ಕಥಾಸಂಕಲನ ಅಚ್ಚಾಯಿತು. ಮುನ್ನೂರು ಪ್ರತಿ. ಅದರಲ್ಲಿ ಅರ್ಧದಷ್ಟು ಇನ್ನೂ ಮಂಚದ ಅಡಿಯಲ್ಲಿ ಉಂಟು. ಅದಕ್ಕೆ ನನಗೆ ಬೇಸರವಿಲ್ಲ. ಗಡಿನಾಡಿನ ಕನ್ನಡ ಲೇಖಕನ ಮಂಚದಡಿಯಲ್ಲಿ ಪುಸ್ತಕ ಇಲ್ಲದಿದ್ದರೆ ಮಂಚ ಗಟ್ಟಿ ನಿಲ್ಲುವುದಿಲ್ಲ ಎಂದು ನಾವು ನಾವೇ ತಮಾಷೆ ಮಾಡಿಕೊಳ್ಳುವುದುಂಟು. ಆದರೆ ಬೆಂಗಳೂರಿನ ಒಂದು ಪತ್ರಿಕೆಯಲ್ಲಿ ಬಂದ ಹತ್ತು ಸಾಲಿನ ವಿಮರ್ಶೆ ನನ್ನನ್ನು ಮಲಗಿಸಿಬಿಟ್ಟಿತು. ಕತೆಗಳ ಬಗ್ಗೆ ಅದರಲ್ಲಿ ಹೆಚ್ಚೇನೂ ಇರಲಿಲ್ಲ. ನನ್ನ ಒಂದು ಪಾತ್ರ "ನನಗೆ ಹೋಗಲಿಕ್ಕುಂಟು" ಎಂದು ಹೇಳುತ್ತದೆ. ಅದನ್ನು ಎತ್ತಿಕೊಂಡು, ಇದು ಮಲಯಾಳದಲ್ಲಿ ಯೋಚಿಸಿ ಕನ್ನಡದಲ್ಲಿ ಬರೆದ ಪುಸ್ತಕ, ಲೇಖಕರು ಮೊದಲು ತಮ್ಮ ಭಾಷೆಯನ್ನು ತಿದ್ದಿಕೊಳ್ಳಲಿ ಎಂಬ ಅರ್ಥದ ಮಾತು ಬರೆದಿದ್ದರು.

ಮೂವತ್ತು ವರ್ಷ ಕನ್ನಡ ಮಾಧ್ಯಮ ಶಾಲೆಯಲ್ಲಿ ಕನ್ನಡ ಕಲಿಸಿದವ ನಾನು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅಂದಿನಿಂದ ನಮ್ಮ ಹಿರಿಯರು, ಆಮೇಲೆ ನಾವು, ಇಲ್ಲಿ ಕನ್ನಡ ಉಂಟು ಎಂದು ಹೇಳುತ್ತಲೇ ಬಂದವರು. ನಿನ್ನ ಕನ್ನಡವೇ ಕನ್ನಡವಲ್ಲ ಎಂದು ಕನ್ನಡದ ರಾಜಧಾನಿಯಿಂದಲೇ ಕೇಳಿಸಿಕೊಂಡರೆ ನಿಲ್ಲುವುದು ಎಲ್ಲಿ? ಅಂದಿನಿಂದ ಒಂದೊಂದು ವಾಕ್ಯ ಬರೆಯುವಾಗಲೂ ಅದನ್ನು ಮೂಸಿ ನೋಡುವ ಚಾಳಿ ಅಂಟಿಕೊಂಡಿತು. ಇದು ತುಳುವೋ, ಮಲಯಾಳವೋ, ನನ್ನ ಅಮ್ಮ ಆಡಿದ್ದೋ, ಪಾಠಪುಸ್ತಕದಲ್ಲಿದ್ದದ್ದೋ? ಹಾಗೆ ಮೂಸುತ್ತಾ ಕುಳಿತವನಿಗೆ ಎರಡನೆಯ ವಾಕ್ಯ ಬರುವುದಿಲ್ಲ. ಮೊದಲ ವರ್ಷ ದಿನಾ ಕುಳಿತೆ. ಎರಡನೆಯ ವರ್ಷ ಭಾನುವಾರ ಮಾತ್ರ ಕುಳಿತೆ. ಆಮೇಲೆ ಕುಳಿತುಕೊಳ್ಳುವುದನ್ನೂ ಬಿಟ್ಟೆ.

*

2024ರ ನವೆಂಬರ್ ಮೊದಲ ವಾರ ಸಾಂಗ್ಲಿಯಿಂದ ಅಕ್ಕನ ಫೋನು. "ಭಾವ ಅಡಿಗೆಮನೆಯಲ್ಲಿ ಜಾರಿ ಬಿದ್ದು ತೊಡೆಯ ಸಂದು ಮುರಿದಿದೆ. ಮಿರಜಿನ ಆಸ್ಪತ್ರೆಯಲ್ಲಿ ಆಪರೇಶನ್. ಮಕ್ಕಳಿಬ್ಬರೂ ದೂರ. ರಾತ್ರಿ ನಿಲ್ಲಲಿಕ್ಕೆ ಗಂಡಸರು ಬೇಕು. ನೀನು ಎಂತ ಮಾಡ್ತಾ ಇದ್ದಿ ಅಲ್ಲಿ, ಹೊರಟು ಬಾ" ಎಂದಳು. ಭಾವ ಹದಿನಾಲ್ಕನೆಯ ವಯಸ್ಸಿಗೆ ಉಡುಪಿ ಹೋಟೆಲೊಂದರಲ್ಲಿ ಲೋಟ ತೊಳೆಯಲಿಕ್ಕೆಂದು ಘಟ್ಟ ಹತ್ತಿದವರು. ಈಗ ಅವರದ್ದೇ ಸಣ್ಣ ಹೋಟೆಲು ಉಂಟು. ಅವರ ಕನ್ನಡದಲ್ಲಿ ಅರ್ಧ ಮರಾಠಿ. ಮರಾಠಿಯಲ್ಲಿ ಅರ್ಧ ನಮ್ಮ ಊರು.

ಮಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ರೈಲು. ಬೆಳಗಾವಿ, ಘಟಪ್ರಭಾ, ರಾಯಬಾಗ ದಾಟಿ ಕುಡಚಿಯ ಹತ್ತಿರ ಕೃಷ್ಣೆಯ ಸೇತುವೆ ಬರುತ್ತದೆ. ಬೋಗಿಯಲ್ಲಿ ಅರ್ಧದಷ್ಟು ಮಂದಿ ಮಿರಜಿಗೆ ಔಷಧಕ್ಕೆ ಹೋಗುವವರೇ. ಎದುರಿಗೆ ಕುಳಿತ ಹೆಂಗಸಿನ ತೊಡೆಯ ಮೇಲೆ ಎಕ್ಸ್‌ರೇ ಲಕೋಟೆ, ಅದರ ಮೇಲೆ ರೊಟ್ಟಿಯ ಗಂಟು. ವಿಲಿಯಂ ವಾನ್‌ಲೆಸ್ ಎಂಬ ಮಿಶನ್ ವೈದ್ಯರು 1894ರಲ್ಲಿ ಆಸ್ಪತ್ರೆ ತೆರೆದ ಮೇಲೆ ಮಿರಜು ಈ ಸೀಮೆಗೆಲ್ಲ ವೈದ್ಯರ ಊರಾಯಿತು. ನಮ್ಮ ಕಡೆ ಮಂಗಳೂರಿಗೆ ಹೋಗುವ ಹಾಗೆ ಉತ್ತರ ಕರ್ನಾಟಕದವರು ಮಿರಜಿಗೆ ಹೋಗುತ್ತಾರೆ. ಕಾಯಿಲೆಗೆ ರಾಜ್ಯದ ಗಡಿ ಗೊತ್ತಿಲ್ಲ.

ಭಾವನ ಆಪರೇಶನ್ ಚೆನ್ನಾಗಿಯೇ ಆಯಿತು. ಹಗಲು ಅಕ್ಕ, ರಾತ್ರಿ ನಾನು. ವಿಧಾನಸಭೆಯ ಚುನಾವಣೆಯ ಹೊತ್ತಾದ್ದರಿಂದ ಕಿಟಕಿಯ ಹೊರಗೆ ಧ್ವನಿವರ್ಧಕ ಕಟ್ಟಿದ ರಿಕ್ಷಾಗಳು ಓಡಾಡುತ್ತಿದ್ದವು. ಪಕ್ಕದ ಮಂಚದಲ್ಲಿ ಜತ್ತ ತಾಲೂಕಿನ ಒಬ್ಬ ರೈತರು. ಅಳಿಯನ ಬೈಕಿನಿಂದ ಬಿದ್ದು ಕಾಲು ಮುರಿದಿತ್ತು. ಜೊತೆಗೆ ಸಕ್ಕರೆ ಕಾಯಿಲೆ. ಅವರ ಹೆಂಡತಿ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಜತ್ತ ಸಾಂಗ್ಲಿ ಜಿಲ್ಲೆಯ ಮೂಡಣ ಅಂಚಿನ ತಾಲೂಕು. ಅಲ್ಲಿ ಕನ್ನಡ ಶಾಲೆಗಳುಂಟು. 1967ರ ಮಹಾಜನ ವರದಿಯಲ್ಲಿ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿದ ಪ್ರದೇಶಗಳಲ್ಲಿ ಚಂದ್ರಗಿರಿ ಹೊಳೆಯ ಬಡಗಿನ ನಮ್ಮ ಕಾಸರಗೋಡು ಇದ್ದಂತೆ ಜತ್ತವೂ ಇತ್ತು. ಎರಡೂ ಸೇರಲಿಲ್ಲ. ಆ ಲೆಕ್ಕದಲ್ಲಿ ಪಕ್ಕದ ಮಂಚದವರು ನನಗೆ ನೆಂಟರೇ ಎಂದೆ. ಯಜಮಾನರು ನಕ್ಕರು. "ವರದಿ ಗಿರದಿ ನಮಗ ತಿಳಿಯೂದಿಲ್ರಿ ಸರ. ನಮಗ ನೀರ ಬೇಕು. 2016ರಾಗ ಇದೇ ಮಿರಜಿ ಸ್ಟೇಶನ್ನಿಂದ ರೈಲಿನ್ಯಾಗ ನೀರ ತುಂಬಿ ಲಾತೂರಿಗೆ ಕಳಿಸಿದ್ರು. ಮುನ್ನೂರು ಕಿಲೋಮೀಟರಿಗೂ ಹೆಚ್ಚ ದೂರ! ನಾವು ಇಲ್ಲೇ ಬಗಲಾಗ ಕುಂತ ನೋಡಿದಿವಿ" ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ಆ ವರ್ಷ ಏಪ್ರಿಲಿನಲ್ಲಿ ಹತ್ತು ಟ್ಯಾಂಕರುಗಳಲ್ಲಿ ಐದು ಲಕ್ಷ ಲೀಟರ್ ನೀರು ಹೊತ್ತ ಮೊದಲ ರೈಲು ಮಿರಜಿನಿಂದ ಹೊರಟದ್ದನ್ನು ನಾನೂ ಪತ್ರಿಕೆಯಲ್ಲಿ ಓದಿದ್ದೆ. 2022ರಲ್ಲಿ ಜತ್ತದ ಕೆಲವು ಹಳ್ಳಿಗಳವರು, ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಎಂದದ್ದನ್ನೂ ಓದಿದ್ದೆ. ಭಾಷೆಯ ಗಡಿ ಎಂದು ನಾವು ಭಾಷಣ ಮಾಡುವುದು ಅವರಿಗೆ ನೀರಿನ ಗಡಿಯಾಗಿತ್ತು.

*

ಅವರನ್ನು ಮನೆಗೆ ಕಳುಹಿಸುವ ದಿನ ಬಂತು. ಏಳು ಬಗೆಯ ಮದ್ದು. ದಾದಿ ಒಳ್ಳೆಯ ಹುಡುಗಿ. ಮರಾಠಿಯಲ್ಲಿ ಒಮ್ಮೆ, ಅವಳಿಗೆ ಬರುವ ಕನ್ನಡದಲ್ಲಿ ಒಮ್ಮೆ ಎಲ್ಲವನ್ನೂ ತಿಳಿಸಿ ಹೇಳಿದಳು. ಆಸ್ಪತ್ರೆಯ ಕಾಗದ ಇಂಗ್ಲಿಷಿನಲ್ಲಿತ್ತು. ಅವಳು ಅತ್ತ ಹೋದ ಮೇಲೆ ಅಮ್ಮ ನನ್ನ ಕಡೆಗೆ ತಿರುಗಿದರು.

"ಸರ, ನೀವು ಸಾಲಿ ಮಾಸ್ತರ ಅಂತ ನಿಮ್ಮ ಅಕ್ಕಾರು ಹೇಳಿದ್ರು. ಇದನ್ನಷ್ಟು ಕನ್ನಡದಾಗ ಬರದ ಕೊಡ್ರಿ. ನಾ ನಾಕನೇತ್ತೆ ಕನ್ನಡ ಸಾಲಿ ಕಲತೀನಿ. ಅಳಿಯಗ ಬರೇ ಮರಾಠಿ ಬರತೈತಿ. ಅವ ಹೊಲಕ್ಕ ಹೋದ್ರ ಮನ್ಯಾಗ ಗುಳಿಗಿ ಕೊಡಾಕಿ ನಾನs."

ನನ್ನ ಕಿಸೆಯಲ್ಲಿ ಪೆನ್ನು ಇತ್ತು; ಅದು ಹಾಲಿನ ಲೆಕ್ಕಕ್ಕೆ ಇದ್ದದ್ದು. ಕಾಗದ ಇರಲಿಲ್ಲ. ಹಣ್ಣು ಕಟ್ಟಿ ತಂದ ಕಾಗದ ಬೇಡವೆಂದು ಆಸ್ಪತ್ರೆಯ ಎದುರಿನ ಅಂಗಡಿಯಿಂದ ಹತ್ತು ರೂಪಾಯಿಯ ನೋಟುಪುಸ್ತಕ ತಂದೆ. ದಾದಿಯನ್ನು ಮತ್ತೆ ಕರೆದು ಒಂದೊಂದು ಗುಳಿಗೆಯ ಹೊತ್ತನ್ನೂ ಕೇಳಿ ಖಾತ್ರಿ ಮಾಡಿಕೊಂಡು ಬರೆಯಲಿಕ್ಕೆ ಕುಳಿತೆ. ಹೆಸರು ಬರೆದರೆ ಪ್ರಯೋಜನವಿಲ್ಲ, ಅವರು ಗುರುತು ಹಿಡಿಯುವುದು ಬಣ್ಣದಿಂದ. ಬಿಳಿ ಗುಂಡು ಗುಳಿಗೆ, ಬಿಳಿ ಉದ್ದ ಗುಳಿಗೆ, ಇಟ್ಟಿಗೆ ಬಣ್ಣದ್ದು, ಅರ್ಧ ಮುರಿದು ಕೊಡುವಂಥದ್ದು. ಯಾವುದು ಊಟಕ್ಕೆ ಮೊದಲು, ಯಾವುದು ಊಟದ ಮೇಲೆ. ಯಾವುದು ಏಳು ದಿನಕ್ಕೆ ಮುಗಿಯುತ್ತದೆ, ಯಾವುದು ನಿಲ್ಲಿಸಬಾರದು. ಊಟ ಮಾಡದಿದ್ದ ದಿನ ಸಕ್ಕರೆಯ ಗುಳಿಗೆ ಕೊಡಬೇಕೋ ಬೇಡವೋ ಎಂದು ಅಮ್ಮ ಕೇಳಿದರು. ನನಗೆ ತಿಳಿಯದ್ದನ್ನು ನಾನು ಬರೆಯಲಿಲ್ಲ. ದಾದಿಯನ್ನು ಕೇಳಿ, ಅವಳು ಡಾಕ್ಟರರನ್ನು ಕೇಳಿ ಬಂದು ಹೇಳಿದ್ದನ್ನು ಬರೆದೆ.

ಒಂದು ಪುಟ ತುಂಬಿತು. ಅಮ್ಮ ಕನ್ನಡಕ ಸಿಕ್ಕಿಸಿಕೊಂಡು ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದರು. ಅರ್ಧಕ್ಕೆ ಬಂದು ನಿಂತರು.

"ರಾತ್ರಿ ಮಲಗುವ ಮೊದಲು ಇದನ್ನು ತೆಗೆದುಕೊಳ್ಳ... ಲಿಕ್ಕುಂಟು. ಲಿಕ್ಕುಂಟು ಅಂದ್ರ ಏನ್ರಿ ಸರ?"

ನನ್ನ ಮುಖ ಬಿಸಿಯಾಯಿತು. ಹನ್ನೊಂದು ವರ್ಷ ಬಾಗಿಲ ಹೊರಗೆ ನಿಲ್ಲಿಸಿದ್ದ ಆ ಮಾತು ನಾನು ಎಚ್ಚರ ತಪ್ಪಿದ ಹೊತ್ತು ನೋಡಿ ಒಳಗೆ ಬಂದು ಕುಳಿತಿತ್ತು. ಹೊಡೆದು ಹಾಕಲಿಕ್ಕೆ ಪೆನ್ನು ತೆಗೆದೆ. ಅಷ್ಟರಲ್ಲಿ ಅವರೇ ಹೇಳಿದರು.

"ತಗೋಳೂದೈತಿ ಅಂದ್ಹಂಗ ಏನ್ರಿ?"

"ಹೌದು, ಹಾಗೇ."

"ಹಂಗಾರ ತಿಳೀತ ಬಿಡ್ರಿ. ನಿಮ್ಮೂರಾಗ ಹಂಗಂತಾರ, ನಮ್ಮೂರಾಗ ಹಿಂಗಂತೀವಿ. ಗುಳಿಗಿ ಒಂದs ಅಲ್ಲೇನ್ರಿ?" ಎಂದು ಮುಂದೆ ಓದಿದರು.

ನಾನು ಪೆನ್ನಿನ ಮುಚ್ಚಳ ಹಾಕಿದೆ. ಮಂಚದ ಮೇಲಿದ್ದ ಯಜಮಾನರಿಗೆ ಈ ಪುರಾಣ ಬೇಡವಾಗಿತ್ತು. "ಲಗೂ ಮಾಡ ಮಾರಾಯ್ತಿ, ನನಗ ಊರಿಗೆ ಹೋಗೂದೈತಿ" ಎಂದು ಗದರಿದರು. ಪಾಳಿ ಮುಗಿಸಿ ಹೊರಟಿದ್ದ ದಾದಿ ಬಾಗಿಲಲ್ಲಿ ನಿಂತು ತನ್ನ ಗೆಳತಿಗೆ "ಮಲಾ ಘರೀ ಜಾಯಚಂ ಆಹೇ" ಎಂದಳು.

ಅದು ಕಿವಿಗೆ ಬಿದ್ದ ಆ ಕ್ಷಣ ನನಗೆ ಇನ್ನೂ ನೆನಪುಂಟು. ನನಗೆ ಹೋಗಲಿಕ್ಕುಂಟು. ನನಗ ಹೋಗೂದೈತಿ. ಮಲಾ ಜಾಯಚಂ ಆಹೇ. ಈ ಸಂಚಿಕೆಯ ಮಲಯಾಳದ ಬದಿಯನ್ನು ಓದುವವರು ಹೇಳುವುದು 'ಎನಿಕ್ಕ್ ಪೋಗಾನುಂಡ್'. ನಮ್ಮ ತುಳುವಿನಲ್ಲಿ 'ಎಂಕ್ ಪೋವರೆ ಉಂಡು'. ಐದೂ ಕಡೆ 'ನಾನು' ಅಲ್ಲ, 'ನನಗೆ'. ಹೋಗುವ ಕೆಲಸ ಒಂದು ಇದೆ, ಅದು ನನ್ನ ಪಾಲಿಗೆ ಬಂದಿದೆ ಎನ್ನುವ ರೀತಿ. ಬೆಂಗಳೂರಿನಲ್ಲಿಯೂ 'ನನಗೆ ಹೋಗುವುದಿದೆ' ಎನ್ನುವುದಿಲ್ಲವೇ? ಮಲಯಾಳದಿಂದ ಕದ್ದದ್ದು ಎಂದು ನಾನು ನಾಚಿಕೊಂಡ ವಾಕ್ಯ ಮಲಯಾಳ ಕೇಳದ ಊರಿನ ಕನ್ನಡದಲ್ಲಿಯೂ ಇತ್ತು. ದ್ರಾವಿಡವೇ ಅಲ್ಲದ ಮರಾಠಿಯಲ್ಲಿಯೂ ಇತ್ತು. ಒಂದರಿಂದ ಒಂದು ಕಲಿತವೋ, ಜೊತೆಗೇ ಬೆಳೆದವೋ, ಅದನ್ನು ಭಾಷಾಶಾಸ್ತ್ರಜ್ಞರು ಹೇಳಲಿ. ನನಗೆ ಬೇಕಾದಷ್ಟು ಸಿಕ್ಕಿತ್ತು.

ವಿಮರ್ಶಕರು ಪೂರ್ತಿ ತಪ್ಪು ಎಂದು ಹೇಳುವುದಿಲ್ಲ. ಆ ಸಂಕಲನದಲ್ಲಿ ನಿಜಕ್ಕೂ ಕೆಟ್ಟ ವಾಕ್ಯಗಳಿದ್ದವು. ಈಗ ತಿರುಗಿ ಓದಿದರೆ ಕಾಣುತ್ತದೆ. ಆದರೆ ಅವರು ಎತ್ತಿ ತೋರಿಸಿದ್ದು ಅವುಗಳನ್ನಲ್ಲ. ನನ್ನ ಅಮ್ಮನ ಬಾಯಿಯಿಂದ ಬಂದ ಒಳ್ಳೆಯ ವಾಕ್ಯವೊಂದನ್ನು ತೋರಿಸಿದ್ದರು. ನಾನು ಅದನ್ನೇ ತಪ್ಪು ಎಂದು ಒಪ್ಪಿಕೊಂಡು ಕೆಟ್ಟವನ್ನೂ ತಿದ್ದದೆ ಕುಳಿತಿದ್ದೆ.

ಆ ರಾತ್ರಿ ಎದುರು ಸಾಲಿನ ಅಥಣಿಯವರೊಬ್ಬರು ಬಂದು "ನಮಗೂ ಒಂದ ಚೀಟಿ ಬರದ ಕೊಡ್ರಿ" ಎಂದರು. ಮರುದಿನ ಇನ್ನಿಬ್ಬರು. ನಾಲ್ಕು ದಿನಗಳಲ್ಲಿ ಒಂಬತ್ತು ಚೀಟಿ ಬರೆದೆ. ಹನ್ನೊಂದು ವರ್ಷದಲ್ಲಿ ನಾನು ಬೇರೆಯವರಿಗಾಗಿ ಬರೆದದ್ದು ಅಷ್ಟೇ. ಅಷ್ಟು ಜಾಗ್ರತೆಯಿಂದ ನನ್ನ ಬರಹವನ್ನು ಓದಿದವರನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

*

ಅಕ್ಕ ಬೇಗ ಬಂದ ಒಂದು ಮಧ್ಯಾಹ್ನ ಮಿರಜಿನ ವಾದ್ಯ ಮಾಡುವವರ ಗಲ್ಲಿಗೆ ಹೋದೆ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನ್ ಸಾಹೇಬರು ನೆಲೆ ನಿಂತ ಊರಿದು. 1937ರಲ್ಲಿ ತೆಂಕಣ ಪ್ರವಾಸದಲ್ಲಿ ತೀರಿಕೊಂಡ ಅವರ ಸಮಾಧಿ ಇಲ್ಲಿನ ಮೀರಾಸಾಹೇಬ ದರ್ಗಾದ ಆವರಣದಲ್ಲಿ ಉಂಟು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಆ ಗುರುವಿನ ಶಿಷ್ಯರು ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿ. ನಮ್ಮ ಧಾರವಾಡದ ಗಾಯನದ ಬೇರು ಒಂದು ಇಲ್ಲಿಗೂ ಬರುತ್ತದೆ. ಕತ್ತಿ ಮಸೆಯುತ್ತಿದ್ದ ಶಿಕಲಗಾರರ ಮನೆತನದವರು 19ನೆಯ ಶತಮಾನದ ನಡುವಿನಲ್ಲಿ, ಕತ್ತಿಗೆ ಗಿರಾಕಿ ಕಡಿಮೆಯಾದ ಕಾಲಕ್ಕೆ ತಂಬೂರಿ ಸಿತಾರುಗಳ ಕೆಲಸಕ್ಕೆ ಇಳಿದರಂತೆ. 2024ರಲ್ಲಿ ಮಿರಜಿನ ಸಿತಾರಿಗೂ ತಂಬೂರಿಗೂ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು.

ಅಂಗಡಿಯ ಮಾಡಿನಿಂದ ಸೋರೆ ಬುರುಡೆಗಳು ನೇತಾಡುತ್ತಿದ್ದವು. ನಮ್ಮ ಊರಿನಲ್ಲಿ ಹಿಂದೆ ಮಕ್ಕಳನ್ನು ಈಜು ಕಲಿಸಲಿಕ್ಕೆ ಕೆರೆಗೆ ಇಳಿಸುವಾಗ ಸೊಂಟಕ್ಕೆ ಕಟ್ಟುತ್ತಿದ್ದ ಬುರುಡೆಯ ದೊಡ್ಡಣ್ಣಂದಿರು. ಕುಳಿತು ಕೆಲಸ ಮಾಡುತ್ತಿದ್ದ ಹಿರಿಯರು ನನ್ನ ಮಾತು ಕೇಳಿ ಕನ್ನಡದಲ್ಲಿಯೇ ಉತ್ತರಿಸಿದರು. "ಬರತದ್ರಿ, ಯಾಕ ಬರೂದಿಲ್ಲ? ನಮ್ಮ ಗಿರಾಕಿ ಎಷ್ಟೋ ಮಂದಿ ಆ ಕಡೀದವರs" ಎಂದರು. ಬುರುಡೆ ಬೆಳೆಯುವುದು ಪಂಢರಪುರದ ಕಡೆ. ಅಲ್ಲಿಂದ ತಂದು ತಿಂಗಳುಗಟ್ಟಲೆ ಒಣಗಿಸಬೇಕು.

"ಹಸೀ ಭೋಪಳಾದಾಗ ಸ್ವರ ಇಲ್ರಿ ಸಾಹೇಬ್ರ. ಒಳಗಿಂದೆಲ್ಲಾ ಒಣಗಿ ಬೀಜ ಗಲಗಲ ಅನಬೇಕು. ಆದ್ರ ಒಣಗಿದ್ದನ್ನ ಹಂಗs ಕೊಯ್ಯಾಕ ಹೋದ್ರ ಒಡೀತದ. ನೀರಾಗ ನೆನಸಬೇಕ. ಮೆತ್ತಗಾದ ಮ್ಯಾಲೆ ಬಾಯಿ ಕೊಯ್ಯೂದು."

ಅವರು ಬುರುಡೆಯ ಬಗ್ಗೆ ಹೇಳುತ್ತಿದ್ದರು, ನನ್ನ ಬಗ್ಗೆ ಅಲ್ಲ. ಬರೆಯುವುದು ನಿಂತುಹೋದವನಿಗೆ ಎಲ್ಲವೂ ತನ್ನ ಬಗ್ಗೆಯೇ ಎಂದು ಕಾಣುವ ರೋಗ ಒಂದುಂಟು. ನಾನು ಒಣಗಿದ್ದು ನಾದಕ್ಕಾಗಿಯೇ ಎಂದು ಒಂದು ಗಳಿಗೆ ಹಿಗ್ಗಿದೆ. ಆಮೇಲೆ ಮೂಲೆಯಲ್ಲಿ ಕಣ್ಣು ಹೋಯಿತು. ಬಿರುಕು ಬಿಟ್ಟ ಬುರುಡೆಗಳ ರಾಶಿಯೊಂದು ಅಲ್ಲಿತ್ತು. ಅವೂ ಒಣಗಿದವೇ. "ಅವು?" ಎಂದೆ. "ಅವೇನ ಉಪಯೋಗ ಇಲ್ರಿ" ಎಂದರು. ಒಣಗಿದ್ದೆಲ್ಲ ತಂಬೂರಿಯಾಗುವುದಿಲ್ಲ. ಹೊತ್ತಿಗೆ ಸರಿಯಾಗಿ ಯಾರಾದರೂ ಎತ್ತಿ ನೀರಿಗೆ ಹಾಕಬೇಕು.

ಮುಗಿದ ತಂಬೂರಿಯೊಂದನ್ನು ಅವರು ಮೀಟಿ ತೋರಿಸಿದರು. ಸ್ವರ ಮೊಂಡಾಗಿ ಕೇಳಿಸಿತು. ಕುದುರೆಯ ಮೇಲೆ ತಂತಿಯ ಅಡಿಯಲ್ಲಿದ್ದ ನೂಲಿನ ಎಳೆಯನ್ನು ಉಗುರಿನಿಂದ ಒಂದಿಷ್ಟೇ ಸರಿಸಿ ಮತ್ತೆ ಮೀಟಿದರು. ಅದೇ ತಂತಿ ಈಗ ಜೇನುಹುಳಗಳ ಹಾಗೆ ಮೊರೆಯಿತು. ಈ ಹದಕ್ಕೆ 'ಜವಾರಿ' ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಊರಿನ ತಳಿಯ ಕಾಯಿಪಲ್ಲೆಗೆ, ಕೋಳಿಗೆ ಹೇಳುವ ಶಬ್ದವೂ ಅದೇ. ಎರಡಕ್ಕೂ ಸಂಬಂಧ ಉಂಟೆಂದು ನಾನು ವಾದಿಸುವುದಿಲ್ಲ. ಆದರೆ ಆಸ್ಪತ್ರೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಆ ಶಬ್ದ ನಾಲಗೆಯ ಮೇಲೆ ಇತ್ತು.

*

ಭಾವನನ್ನು ಸಾಂಗ್ಲಿಯ ಮನೆಗೆ ಕರೆತಂದ ಮೇಲೆ ಎಂಟು ದಿನ ಅಲ್ಲಿ ನಿಂತೆ. ಮಿರಜಿನಿಂದ ಸಾಂಗ್ಲಿಗೆ ಬರುವ ದಾರಿಯಲ್ಲಿಯೇ ವಿಲಿಂಗ್ಡನ್ ಕಾಲೇಜು. 1919ರಲ್ಲಿ ಆರಂಭವಾದ ಆ ಕಾಲೇಜಿನಲ್ಲಿ ವಿ. ಕೃ. ಗೋಕಾಕರು ಪ್ರಾಂಶುಪಾಲರಾಗಿದ್ದರು, ರಂ. ಶ್ರೀ. ಮುಗಳಿಯವರು ಬಹುಕಾಲ ಕನ್ನಡ ಕಲಿಸಿದರು. ಮುಗಳಿಯವರ 'ಕನ್ನಡ ಸಾಹಿತ್ಯ ಚರಿತ್ರೆ'ಗೆ 1956ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ನಾನು ಪರೀಕ್ಷೆಗೆಂದು ಉರು ಹೊಡೆದ ಪುಸ್ತಕ ಅದು. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆದವರು ಮರಾಠಿ ಊರಿನಲ್ಲಿ ಪಾಠ ಹೇಳಿಕೊಂಡಿದ್ದವರು ಎಂದು ಆಗ ನನಗೆ ಹೊಳೆದಿರಲಿಲ್ಲ.

ಸಂಜೆ ಭಾವನ ಹತ್ತಿರ ಕುಳಿತು ಹರಟುವುದು. ಭಾವ ಪುಸ್ತಕ ಓದುವವರಲ್ಲ. ಆದರೆ ಹೋಟೆಲಿನ ಗಲ್ಲೆಯಲ್ಲಿ ಕುಳಿತು ಊರಿನ ಕತೆಗಳನ್ನೆಲ್ಲ ಕೇಳಿಕೊಂಡವರು. "ನಿಮ್ಮಂಥ ಬರೆಯುವವರು ಇಲ್ಲಿಯೂ ಇದ್ದರಾ. ಖಾಂಡೇಕರ್ ಅಂತ. ಸಾಂಗ್ಲಿಯಲ್ಲೇ ಹುಟ್ಟಿದ್ದು" ಎಂದರು. ವಿ. ಸ. ಖಾಂಡೇಕರರನ್ನು ನಾನು ವಿ. ಎಂ. ಇನಾಂದಾರರ ಕನ್ನಡದಲ್ಲಿ ಓದಿ ಬೆಳೆದವ. ಅವರ 'ಯಯಾತಿ' ಮಲಯಾಳಕ್ಕೂ ಹೋಗಿದೆಯಾದ್ದರಿಂದ ಈ ವಾರ್ಷಿಕದ ಎರಡೂ ಬದಿಯ ಓದುಗರಿಗೆ ಅವರು ಪರಿಚಿತರೇ. 1898ರಲ್ಲಿ ಸಾಂಗ್ಲಿಯಲ್ಲಿ ಹುಟ್ಟಿದರು. 1976ರಲ್ಲಿ ಮಿರಜಿನಲ್ಲಿ ತೀರಿಕೊಂಡರು. ನಡುವೆ ಶಿರೋಡೆಯೆಂಬ ಕಡಲಕರೆಯ ಹಳ್ಳಿಯಲ್ಲಿ ಹದಿನೆಂಟು ವರ್ಷ ಶಾಲಾ ಮಾಸ್ತರಿಕೆ. ಒಂದರ ಹಿಂದೆ ಒಂದು ಕಾದಂಬರಿ ಬರೆಯುತ್ತಿದ್ದವರು 1942ರ 'ಕ್ರೌಂಚವಧ' ಆದ ಮೇಲೆ ನಿಲ್ಲಿಸಿದರು. ಮುಂದಿನ ಕಾದಂಬರಿ 'ಅಶ್ರು' ಬಂದದ್ದು 1954ರಲ್ಲಿ. ಹನ್ನೆರಡು ವರ್ಷ! ಅದಾಗಿ ಐದು ವರ್ಷಕ್ಕೆ, 1959ರಲ್ಲಿ 'ಯಯಾತಿ'. ಜನ ಅವರನ್ನು ನೆನೆಯುವುದು ಅದರಿಂದಲೇ. 1974ರ ಜ್ಞಾನಪೀಠ ಪ್ರಶಸ್ತಿ ಮರಾಠಿಗೆ ಮೊದಲು ತಂದವರೂ ಅವರೇ.

ನಾನು ಖಾಂಡೇಕರ್ ಅಲ್ಲ. ಹನ್ನೊಂದು ವರ್ಷ ಸುಮ್ಮನಿದ್ದ ಮಾತ್ರಕ್ಕೆ ಯಯಾತಿ ಹುಟ್ಟುವುದೂ ಇಲ್ಲ. ನನಗೆ ಧೈರ್ಯ ಬಂದದ್ದು ಬೇರೊಂದು ಸಂಗತಿಯಿಂದ. ಆ ಹನ್ನೆರಡು ವರ್ಷ ಅವರು ಪೆನ್ನನ್ನು ಕೆಳಗಿಡಲಿಲ್ಲ. ಕಾದಂಬರಿ ಬರದಿದ್ದರೆ ಸಣ್ಣ ಕತೆ, ಪುಟ್ಟ ರೂಪಕ ಕತೆ, ಪ್ರಬಂಧ, ಹೀಗೆ ಕೈಗೆ ಬಂದ ಸಣ್ಣ ಕೆಲಸ ಮಾಡುತ್ತಲೇ ಇದ್ದರು. ನಾನು ಮಾಡಿದ ತಪ್ಪು ಅದು. ಕತೆ ಬರದಿದ್ದಾಗ ಕಾಗದ ಬರೆಯುವುದನ್ನೂ ಬಿಟ್ಟಿದ್ದೆ. ದೊಡ್ಡದು ಬಾರದವನಿಗೆ ಸಣ್ಣದರ ಮರ್ಯಾದೆ ತಿಳಿದಿರಬೇಕು.

ಭಾವ ಇನ್ನೊಂದು ಕತೆ ಹೇಳಿದರು. ಅದು ನನಗೆ ಅರ್ಧ ಗೊತ್ತಿದ್ದದ್ದು. ಪ್ರತಿ ನವೆಂಬರ್ 5ರಂದು ಮರಾಠಿಗರು ರಂಗಭೂಮಿ ದಿನ ಆಚರಿಸುತ್ತಾರೆ. 1843ರ ಆ ದಿನ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು 'ಸೀತಾ ಸ್ವಯಂವರ' ಆಡಿಸಿದರು. ಮರಾಠಿ ನಾಟಕದ ಆರಂಭ ಅದೆಂದು ಲೆಕ್ಕ. ಅದಕ್ಕೆ ಹಿಂದಿನ ವರ್ಷ ಹೊನ್ನಾವರದ ಬಳಿಯ ಕರ್ಕಿಯಿಂದ ಒಂದು ಭಾಗವತರ ಮೇಳ ಘಟ್ಟ ಹತ್ತಿ ಬಂದು ಸಾಂಗ್ಲಿಯ ರಾಜ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರ ಎದುರು ಆಟ ಆಡಿತ್ತು. ನಮ್ಮ ಯಕ್ಷಗಾನ! ಆಟ ನೋಡಿದ ರಾಜ, ಇಂಥದ್ದನ್ನು ಮರಾಠಿಯಲ್ಲಿ ಮಾಡು ಎಂದು ಭಾವೆಯವರಿಗೆ ಅಪ್ಪಣೆ ಕೊಟ್ಟರು. "ಭಾಗವತರು ಕನ್ನಡದಲ್ಲಿ ಪದ ಹೇಳುತ್ತಿದ್ದದ್ದು, ಕೇಳುವವರು ಮರಾಠಿಗರು. ಯಾರಿಗೆ ಎಂತ ಅರ್ಥ ಆಯಿತೋ. ಆದರೂ ಆಟ ದಾಟಿತಲ್ಲ!" ಎಂದು ಭಾವ ಕಾಲು ನೀವಿಕೊಂಡರು.

ಕುಂಬಳೆಯ ಪಾರ್ತಿಸುಬ್ಬನ ನಾಡಿನವರಾದ ನಮಗೆ ಇದು ಹೆಮ್ಮೆಯ ಸಂಗತಿ ಎಂದು ಭಾಷಣದಲ್ಲಿ ನಾನೇ ಹಿಂದೆ ಹೇಳಿದ್ದುಂಟು. ಆ ದಿನ ನನಗೆ ಕಂಡದ್ದು ಹೆಮ್ಮೆಗಿಂತ ಬೇರೆ. ಕರ್ಕಿಯ ವೇಷಧಾರಿಗಳು ತಮ್ಮ ಕರಾವಳಿಯ ಉಚ್ಚಾರವನ್ನು ಘಟ್ಟದ ಮೇಲಿನವರು ನಗುತ್ತಾರೋ ಏನೋ ಎಂದು ಹೆದರಿ ಕರ್ಕಿಯಲ್ಲೇ ಕುಳಿತಿದ್ದರೆ? ಅವರಿಗೆ ಹೆದರಿಕೆ ಇರಲಿಲ್ಲ ಎಂದು ಹೇಳಲಾರೆ; ಪರಊರಿನ ರಂಗಸ್ಥಳಕ್ಕೆ ಹೊಕ್ಕವರ ಕಾಲು ನಡುಗಿಯೇ ನಡುಗುತ್ತದೆ. ನಡುಗಿಕೊಂಡೇ ಗೆಜ್ಜೆ ಕಟ್ಟಿದರು. ಇಂದಿಗೂ ಮರಾಠಿ ನಾಟಕದ ಚರಿತ್ರೆ ಬರೆಯುವವರು ಅವರಿಂದಲೇ ಸುರು ಮಾಡಬೇಕು.

*

ಹೊರಡುವ ಹಿಂದಿನ ರಾತ್ರಿ ಅಕ್ಕ ಪಾತ್ರೆ ತೊಳೆಯುತ್ತಾ ಕೇಳಿದಳು. "ನೀನು ಬರೆಯುವುದು ಬಿಟ್ಟಿದ್ದಿಯಂತೆ ಹೌದಾ? ಅಮ್ಮ ಸಾಯುವ ಮೊದಲು ಫೋನಿನಲ್ಲಿ ಹೇಳಿ ಬೇಸರ ಮಾಡಿದ್ದಳು." ನಾನು ವಿಮರ್ಶೆಯ ಕತೆ ಹೇಳಿದೆ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಒಬ್ಬರ ಹತ್ತಿರ ಅದನ್ನು ಹೇಳಿದ್ದು. ಅಕ್ಕ ಕೈ ಒರಸಿಕೊಂಡು, "ಹೋಗಲಿಕ್ಕುಂಟು ಅಂತ ಹೇಳದೆ ಮತ್ತೆ ಎಂತ ಹೇಳುವುದು?" ಎಂದಳು. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನಲವತ್ತು ವರ್ಷ ಮರಾಠಿ ಊರಿನಲ್ಲಿ ಇದ್ದವಳು. ಅವಳ ಬಾಯಿಯಲ್ಲಿ ಅಮ್ಮನ ಮಾತು ಹಾಗೆಯೇ ಉಳಿದಿತ್ತು. ಊರಿನಲ್ಲಿಯೇ ಇದ್ದ ನಾನು ಅದನ್ನು ತೊಳೆದು ತೊಳೆದು ಬಣ್ಣ ಕಳೆದಿದ್ದೆ.

ಊರಿಗೆ ಬಂದ ಮೇಲೆ ಅದೇ ಹತ್ತು ರೂಪಾಯಿಯ ನೋಟುಪುಸ್ತಕದ ಉಳಿದ ಹಾಳೆಗಳಲ್ಲಿ ಬರೆಯಲಿಕ್ಕೆ ಕುಳಿತೆ. ಕಷ್ಟ ಪೂರ್ತಿ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮೂಸಿ ನೋಡುವ ಚಾಳಿ ಇನ್ನೂ ಉಂಟು. ಆದರೆ ಈಗ ಒಂದು ಉಪಾಯ ಮಾಡಿಕೊಂಡಿದ್ದೇನೆ. ವಾಕ್ಯ ಬರೆದು, ಜತ್ತದ ಅಮ್ಮ ಬೆರಳಿಟ್ಟು ಇದನ್ನು ಓದಿದರೆ ಎಲ್ಲಿ ನಿಲ್ಲುತ್ತಾರೆ ಎಂದು ನೋಡುತ್ತೇನೆ. ಶಬ್ದ ಹೊಸದೆಂದು ನಿಂತರೆ ಚಿಂತೆಯಿಲ್ಲ, ಅವರೇ ಅರ್ಥ ಮಾಡಿಕೊಂಡು ಮುಂದೆ ಹೋಗುತ್ತಾರೆ. ನಾನು ತಿಳಿಯದ್ದನ್ನು ತಿಳಿದವರ ಹಾಗೆ ಬರೆದದ್ದಕ್ಕೆ ನಿಂತರೆ ಆ ಸಾಲು ಹೊಡೆದು ಹಾಕಬೇಕು. ಗುಳಿಗೆಯ ಚೀಟಿಯಲ್ಲಿ ಅದು ಜೀವದ ಪ್ರಶ್ನೆ. ಕತೆಯಲ್ಲಿಯೂ ಅಷ್ಟೇ ಎಂದು ಈಗ ಅನ್ನಿಸುತ್ತದೆ.

ಈ ಪ್ರಬಂಧ ಮುಗಿಯುತ್ತಾ ಬಂದಾಗ ಜತ್ತದ ಕಡೆಯಿಂದ ಫೋನು ಬಂತು. ಅಮ್ಮನದೇ. ಯಜಮಾನರು ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರಂತೆ. ಕೆಲವು ಗುಳಿಗೆ ಬದಲಾಗಿವೆಯಂತೆ. ಹಳೆಯ ಚೀಟಿ ಕೈಯಾಡಿ ಕೈಯಾಡಿ ಮಡಿಕೆಯಲ್ಲಿ ಹರಿದಿದೆಯಂತೆ. ಊರಿನ ಕನ್ನಡ ಶಾಲೆಯ ಹುಡುಗ ಹೊಸ ಕಾಗದದ ಫೋಟೋ ಕಳುಹಿಸುತ್ತಾನೆ, ನೋಡಿ ಇನ್ನೊಂದು ಬರೆದು ಅಂಚೆಗೆ ಹಾಕಬೇಕು.

"ಬರೆಯುತ್ತೇನೆ ಅಮ್ಮಾ. ನಿಮ್ಮ ಡಾಕ್ಟರರಿಗೂ ಒಮ್ಮೆ ತೋರಿಸಿ" ಎಂದೆ.

"ತೋರಸ್ತೀನ್ರಿ. ಈ ಸಲ ಅಕ್ಷರ ಒಂದಿಷ್ಟ ದೊಡ್ಡು ಮಾಡ್ರಿ ಸರ" ಎಂದರು.

ನಾಳೆ ಅಂಚೆ ಕಚೇರಿಗೆ ಎರಡು ಲಕೋಟೆ ತೆಗೆದುಕೊಂಡು ಹೋಗಲಿಕ್ಕುಂಟು. ಒಂದು ಜತ್ತಕ್ಕೆ. ಇನ್ನೊಂದು ಸಂಪಾದಕರಿಗೆ.